ಚಿತ್ರದ ಕೆಳಗಿನ ಸಾಲು

ಮಂಗಳೂರಿನ ಕುರಿತು ಹೊರಬರುವ ಕ್ಯಾಲೆಂಡರುಗಳು, ಪ್ರವಾಸಿ ಕೈಪಿಡಿಗಳು, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಬದಲಾಗಿದೆ, ಮುದ್ರಣ ಸುಧಾರಿಸಿದೆ, ಆಕಾಶದಿಂದ ಡ್ರೋನ್ ತೆಗೆದ ಚಿತ್ರಗಳೂ ಬಂದಿವೆ. ಆದರೆ ಚಿತ್ರದ ಕೆಳಗೆ ಬರೆಯುವ ಸಾಲು ಮಾತ್ರ ಬದಲಾಗಿಲ್ಲ. ಸುಲ್ತಾನ್ ಬತ್ತೇರಿ ಎಂದರೆ 'ಟಿಪ್ಪು ಕಟ್ಟಿಸಿದ ಕಾವಲು ಗೋಪುರ.' ಅಲೋಶಿಯಸ್ ಚಾಪೆಲ್ ಎಂದರೆ 'ಇಟಲಿಯ ಕಲಾವಿದನ ಅದ್ಭುತ ಚಿತ್ರಗಳು.' ಕದ್ರಿ ಎಂದರೆ 'ಪುರಾತನ ದೇವಾಲಯ.' ಬಂದರಿನ ದೊಡ್ಡ ಪಳ್ಳಿ ಎಂದರೆ 'ಐತಿಹಾಸಿಕ ಮಸೀದಿ.' ಬಪ್ಪನಾಡು ಎಂದರೆ 'ಸೌಹಾರ್ದದ ಸಂಕೇತ.'

ಈ ಸಾಲುಗಳಲ್ಲಿ ಸುಳ್ಳು ಹೆಚ್ಚೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಒಂದು ಊರಿನ ಗುರುತಿನ ಜಾಗಗಳನ್ನೂ ಅವುಗಳಿಗೆ ಅಂಟಿಕೊಂಡ ಕಥೆಗಳನ್ನೂ ಚಿತ್ರದಲ್ಲಿ ಹಿಡಿಯುವಾಗ, ಚಿತ್ರ ನಮಗೆ ಕಲ್ಲನ್ನು ತೋರಿಸುತ್ತದೆ, ಕೆಳಗಿನ ಸಾಲು ಆ ಕಲ್ಲು ಯಾರದ್ದು ಎಂದು ತೀರ್ಮಾನಿಸುತ್ತದೆ. ಛಾಯಾಗ್ರಾಹಕರ ಬೆಳಕು, ಕೋನ, ಚೌಕಟ್ಟುಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತುಕತೆ ನಡೆಯುತ್ತದೆ. ಅಡಿಬರಹದ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಂದರು ಪಟ್ಟಣದ ಮಟ್ಟಿಗಂತೂ ನ್ಯಾಯ, ಅನ್ಯಾಯ ಎರಡೂ ನಡೆಯುವುದು ಆ ಒಂದು ಸಾಲಿನಲ್ಲೇ ಎಂಬುದು ನನ್ನ ತಿಳುವಳಿಕೆ.

ಬಂದರು ಪಟ್ಟಣ ಎಂದು ಒತ್ತಿ ಹೇಳಲು ಕಾರಣವಿದೆ. ಒಳನಾಡಿನ ಊರಿಗೆ ಸಾಮಾನ್ಯವಾಗಿ ಒಂದು ಹೆಸರು, ಆ ಹೆಸರಿಗೆ ಒಂದು ಕಥೆ. ಮಂಗಳೂರು ಹಾಗಲ್ಲ. ತುಳುವರಿಗೆ ಅದು ಕುಡ್ಲ, ಬ್ಯಾರಿಗಳಿಗೆ ಮೈಕಾಲ, ಕೊಂಕಣಿಗರಿಗೆ ಕೊಡಿಯಾಲ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಬರೆದದ್ದು ಮಂಜರೂರ್ ಎಂದು. ಫಾರಸ್ ಮತ್ತು ಯಮನ್‌ಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇಲ್ಲಿ ನೆಲೆಸಿದ್ದರೆಂದೂ ಅವನು ದಾಖಲಿಸಿದ್ದಾನೆ. ನೇತ್ರಾವತಿಯೂ ಗುರುಪುರ ನದಿಯೂ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಕುಳಿತ ಊರು ಇದು. ನೀರು ಎರಡು ಕಡೆಯಿಂದ ಬರುತ್ತದೆ, ಜನ ಹತ್ತು ಕಡೆಯಿಂದ ಬಂದಿದ್ದಾರೆ. ಇಂಥ ಊರಿನ ಯಾವ ಕಟ್ಟಡಕ್ಕೂ ಒಂದೇ ಸಾಲಿನ ವಿವರಣೆ ಸಾಲುವುದಿಲ್ಲ.

ಸುಲ್ತಾನ್ ಬತ್ತೇರಿಯನ್ನೇ ತೆಗೆದುಕೊಳ್ಳಿ. ಬೋಳೂರಿನ ನದಿಯಂಚಿನಲ್ಲಿರುವ ಈ ಕಪ್ಪು ಕಲ್ಲಿನ ಪುಟ್ಟ ಕೋಟೆಯ ಚಿತ್ರ ತೆಗೆಯದ ಛಾಯಾಗ್ರಾಹಕ ಮಂಗಳೂರಿನಲ್ಲಿ ಇರಲಿಕ್ಕಿಲ್ಲ. ಸಂಜೆಯ ಬೆಳಕಿನಲ್ಲಿ ತೋಪುಗಂಡಿಯೊಳಗಿಂದ ಕಾಣುವ ನದಿ, ಹಿಂದೆ ತಣ್ಣೀರುಬಾವಿಯ ತೆಂಗಿನ ಸಾಲು. ಸುಂದರ ಚಿತ್ರವೇ. ಕೆಳಗೆ 1784 ಎಂದು ಇಸವಿ ಹಾಕುತ್ತಾರೆ, ಶತ್ರುಗಳ ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಕಟ್ಟಿದ್ದು ಎಂದು ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು.

ಆದರೆ 1784 ಈ ಊರಿನಲ್ಲಿ ಬರೀ ಒಂದು ಇಸವಿಯಲ್ಲ. ಆ ವರ್ಷದ ಮಾರ್ಚ್ 11ರಂದು ಟಿಪ್ಪುವಿಗೂ ಇಂಗ್ಲಿಷ್ ಕಂಪನಿಗೂ ಮಂಗಳೂರು ಒಪ್ಪಂದವಾಯಿತು. ದೀರ್ಘ ಮುತ್ತಿಗೆಯ ನಂತರ, ಕಂಪನಿ ತಾನು ಗೆದ್ದುಕೊಂಡದ್ದನ್ನು ಹಿಂದಿರುಗಿಸಬೇಕಾಗಿ ಬಂದ ಒಪ್ಪಂದ ಅದು. ನಮ್ಮಲ್ಲಿ ಅನೇಕರು ಬತ್ತೇರಿಯ ಮುಂದೆ ನಿಂತಾಗ ನೆನೆಯುವುದು ಇದನ್ನು. ಅದೇ ವರ್ಷ ಕರಾವಳಿಯ ಕೆಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಚರ್ಚು ಆಗಲೇ ಕೆಡವಲ್ಪಟ್ಟಿತು. ಬದುಕಿ ಉಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಟಿಪ್ಪು ಹೀಗೆ ಮಾಡಲು ಅವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯ ಕಾರಣವೆಂದು ಹೇಳುವವರಿದ್ದಾರೆ. ಆದರೆ ಕೊಂಕಣಿ ಮನೆಗಳಲ್ಲಿ ಆ ನೆನಪು ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿರುವುದರಲ್ಲಿ ಸಂಶಯವಿಲ್ಲ.

ಹಾಗಾದರೆ ಬತ್ತೇರಿಯ ಚಿತ್ರದ ಕೆಳಗೆ ಏನು ಬರೆಯಬೇಕು? ಟಿಪ್ಪುವನ್ನು ಬರೀ ವೀರನನ್ನಾಗಿ ಬರೆದರೆ ಮಿಲಾಗ್ರಿಸ್‌ನ ಅಂಗಳದಲ್ಲಿ ನಿಂತವರ ನೆನಪನ್ನು ಚೌಕಟ್ಟಿನಿಂದ ಹೊರಗೆ ತಳ್ಳಿದಂತೆ. ಬರೀ ಕ್ರೂರಿಯನ್ನಾಗಿ ಬರೆದರೆ, ಕಡಲಿನಿಂದ ಬಂದ ಕಂಪನಿಯನ್ನು ನದಿಯ ಬಾಯಲ್ಲಿ ತಡೆಯಲೆಂದು ಈ ಕಲ್ಲುಗಳನ್ನು ಪೇರಿಸಿದ ಕಾರಣವೇ ಅಳಿಸಿಹೋಗುತ್ತದೆ. ಎರಡನ್ನೂ ಬರೆಯುವ ಅಡಿಬರಹ ಉದ್ದವಾಗುತ್ತದೆ ನಿಜ. ಉದ್ದವಾಗಲಿ. ಬತ್ತೇರಿ ಮತ್ತು ಮಿಲಾಗ್ರಿಸ್ ನಡುವೆ ಇರುವುದು ಕೆಲವೇ ಕಿಲೋಮೀಟರ್. ಎರಡನ್ನೂ ಅಕ್ಕಪಕ್ಕದ ಪುಟಗಳಲ್ಲಿಟ್ಟು, ಎರಡರ ಕೆಳಗೂ 1784 ಎಂದು ಬರೆಯುವ ಧೈರ್ಯ ಒಂದು ಆಲ್ಬಮ್ಮಿಗೆ ಬಂದರೆ ಸಾಕು. ಹಾಗೆ ಕೇಳುವ ಹೊಣೆ ನಮ್ಮದೂ ಹೌದು. ನಮ್ಮ ಗಾಯವನ್ನು ಇತರರು ನೋಡಲಿ ಎಂದು ಬಯಸುವವರು ಇತರರ ಗಾಯದ ಮೇಲೆ ಬಟ್ಟೆ ಮುಚ್ಚಬಾರದು.

ಇನ್ನು ಐತಿಹ್ಯಗಳ ಮಾತು. ಉರ್ದುವಿನಲ್ಲಿ 'ರಿವಾಯತ್' ಎಂಬ ಶಬ್ದಕ್ಕೆ ಪರಂಪರೆ ಎಂಬ ಅರ್ಥವೂ ಇದೆ, ಒಬ್ಬರಿಂದ ಕೇಳಿ ಇನ್ನೊಬ್ಬರು ಹೇಳಿದ ಮಾತು ಎಂಬ ಅರ್ಥವೂ ಇದೆ. ಹೇಳಿದವನು 'ರಾವಿ'. ಹದೀಸ್ ಓದಿದವರಿಗೆ ಗೊತ್ತು, ಅಲ್ಲಿ ಮಾತಿನಷ್ಟೇ ಮುಖ್ಯ ಅದರ ಸನದು. ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಇಲ್ಲದ ಮಾತಿಗೆ ತೂಕವಿಲ್ಲ. ನಮ್ಮ ಊರುಗಳ ಐತಿಹ್ಯಗಳನ್ನು ಚಿತ್ರದೊಡನೆ ಅಚ್ಚು ಹಾಕುವವರು ಈ ಶಿಸ್ತಿನಿಂದ ಕಲಿಯಬೇಕಾದದ್ದು ಬಹಳ ಇದೆ.

ಬಂದರಿನ ಜೀನತ್ ಬಕ್ಷ್ ಜುಮಾ ಮಸೀದಿಯನ್ನು ಬ್ಯಾರಿಗಳು 'ಬೆಳ್ಯೆ ಪಳ್ಳಿ', ಅಂದರೆ ದೊಡ್ಡ ಪಳ್ಳಿ ಎಂದು ಕರೆಯುತ್ತಾರೆ. ಮಾಲಿಕ್ ದೀನಾರರ ಬಳಗ ಹಿಜರಿ 22ರಲ್ಲಿ, ಅಂದರೆ ಕ್ರಿ.ಶ. 644ರ ಹೊತ್ತಿಗೆ ಇದನ್ನು ಸ್ಥಾಪಿಸಿತೆಂಬುದು ಪರಂಪರೆಯ ಮಾತು. ಟಿಪ್ಪು ಸುಲ್ತಾನ್ ಇದನ್ನು ನವೀಕರಿಸಿ ಒಳಗೆ ಮರದ ಕೆತ್ತನೆ ಮಾಡಿಸಿದನೆಂದೂ ಈ ಹೆಸರಿಟ್ಟನೆಂದೂ ಹೇಳುತ್ತಾರೆ. ಹೊರಗಿನ ಗೋಡೆಯ ಚಿತ್ರಕ್ಕಿಂತ ಒಳಗಿನ ಆ ಮರದ ಕೆಲಸದ ಚಿತ್ರ ಹೆಚ್ಚು ಮಾತಾಡುತ್ತದೆ. ಆಚಾರಿಯ ಉಳಿ ಹೋದ ದಾರಿ ಅಲ್ಲಿ ಕಾಣುತ್ತದೆ. ಆದರೆ ಅಡಿಬರಹದಲ್ಲಿ '644ರಲ್ಲಿ ಕಟ್ಟಿದ್ದು' ಎಂದು ಖಡಾಖಂಡಿತವಾಗಿ ಬರೆದರೆ, ನಾಳೆ ಯಾರಾದರೂ ಶಾಸನ ಎಲ್ಲಿ ಎಂದು ಕೇಳಿದಾಗ ನಾವು ಸುಮ್ಮನಾಗಬೇಕಾಗುತ್ತದೆ. 'ಎಂದು ನಂಬುತ್ತಾರೆ' ಎಂದು ಬರೆದರೆ ಮಸೀದಿಯ ಗೌರವವೇನೂ ಕುಂದುವುದಿಲ್ಲ. ನಂಬಿಕೆಯೂ ಇತಿಹಾಸದ ಭಾಗವೇ. ಅದನ್ನು ನಂಬಿಕೆಯೆಂದೇ ಕರೆಯಬೇಕು, ಅಷ್ಟೆ.

ಲೈಟ್‌ಹೌಸ್ ಹಿಲ್‌ಗೂ ಇದೇ ಮಾತು. ಅಲ್ಲಿಯ ದೀಪಸ್ತಂಭ ಹೈದರಾಲಿ ಕಟ್ಟಿಸಿದ್ದೆಂದು ಊರು ಹೇಳುತ್ತದೆ, ಈಗ ಕಾಣುವ ಗೋಪುರ ಬ್ರಿಟಿಷರ ಕಾಲದ್ದೆಂಬ ವಾದವೂ ಇದೆ. ಖಾಕಿ ಬಟ್ಟೆ ಮಂಗಳೂರಿನಲ್ಲೇ ಹುಟ್ಟಿತೆಂಬುದು ಇನ್ನೊಂದು ಹೆಮ್ಮೆಯ ಕಥೆ. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ 1850ರ ದಶಕದ ಆರಂಭದಲ್ಲಿ ಆ ಬಣ್ಣ ತಯಾರಿಸಿದನೆಂದು ಹೇಳುತ್ತಾರೆ. ಅವನ ಬಣ್ಣದ ಕೆಲಸ ದೊಡ್ಡದೇ. ಆದರೆ ಪೇಶಾವರದ ಕಡೆ ಲಮ್ಸ್‌ಡನ್‌ನ ಗೈಡ್ಸ್ ಪಡೆ 1840ರ ದಶಕದ ಕೊನೆಗೇ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. 'ಖಾಕ್' ಎಂದರೆ ಫಾರಸಿಯಲ್ಲಿ ಧೂಳು ಎಂಬುದು ಉರ್ದು ಬಲ್ಲ ಯಾರಿಗೂ ಗೊತ್ತು. ಹೆಸರು ಅಲ್ಲಿಂದ ಬಂದಿದೆ, ಬಣ್ಣದ ಒಂದು ಕವಲು ಇಲ್ಲಿಂದ ಹೋಗಿದೆ. ಬಂದರಿನ ಕಥೆ ಯಾವಾಗಲೂ ಹೀಗೆಯೇ. ಯಾವುದೂ ಇಲ್ಲಿಯದೇ ಅಲ್ಲ, ಯಾವುದೂ ಬರೀ ಹೊರಗಿನದಲ್ಲ.

ಕದ್ರಿಯ ಲೋಕೇಶ್ವರ ವಿಗ್ರಹ ಇದಕ್ಕೆ ಅತ್ಯುತ್ತಮ ಉದಾಹರಣೆ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನವೇ ಹೇಳುತ್ತದೆ. ಇಲ್ಲಿ ಸನದು ಕಂಚಿನಲ್ಲಿದೆ. ವಿಹಾರ ಎಂಬ ಮಾತು ಬೌದ್ಧರನ್ನು ನೆನಪಿಸುತ್ತದೆ, ಗುಡ್ಡದ ಮೇಲಿನ ಜೋಗಿ ಮಠ ನಾಥಪಂಥವನ್ನು, ಇಂದಿನ ಪೂಜೆ ಮಂಜುನಾಥನನ್ನು. ವಿಗ್ರಹದ ಚಿತ್ರ ತೆಗೆಯುವವರು ಹೂವಿನ ಅಲಂಕಾರ ಚೆನ್ನಾಗಿ ಬರುವಂತೆ ನೋಡಿಕೊಳ್ಳುತ್ತಾರೆ, ಪೀಠದ ಬರಹ ಚೌಕಟ್ಟಿನ ಹೊರಗುಳಿಯುತ್ತದೆ. ಇದು ಭಕ್ತಿಯ ದೋಷವಲ್ಲ. ಒಂದು ಸಾವಿರ ವರ್ಷ ಒಂದೇ ವಿಗ್ರಹದ ಮುಂದೆ ಬೇರೆ ಬೇರೆ ಜನ ಕೈಮುಗಿದಿದ್ದಾರೆ ಎಂಬ ದೊಡ್ಡ ಸಂಗತಿಯನ್ನು ಹೇಳಲು ಸಿಕ್ಕಿದ ಅವಕಾಶವನ್ನು ಕೈಬಿಟ್ಟ ದೋಷ.

ಈಗ ಬಪ್ಪನಾಡಿಗೆ ಬರೋಣ. ನಗರದಿಂದ ಉತ್ತರಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದ ಮೂಲ್ಕಿಯಲ್ಲಿ ಈ ದುರ್ಗಾಪರಮೇಶ್ವರಿ ದೇವಸ್ಥಾನವಿದೆ. ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕನ ಹಡಗು ಶಾಂಭವಿ ನದಿಯಲ್ಲಿ ತಡೆದು ನಿಂತಿತು, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಿಸು ಎಂದಳು, ಅವನು ಕಟ್ಟಿಸಿದ, ಊರಿಗೆ ಅವನ ಹೆಸರೇ ಬಂತು ಎಂಬುದು ಐತಿಹ್ಯ. ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಸಲ್ಲುವ ಕ್ರಮ ನಡೆದು ಬಂದಿದೆ. ಕಡಲ ಮಕ್ಕಳಾದ ಮೊಗವೀರರು ನಂಬುವ ಬೊಬ್ಬರ್ಯ ದೈವದ ಹುಟ್ಟನ್ನೂ ತುಳು ಪಾಡ್ದನಗಳು ಬ್ಯಾರಿ ಮನೆಯೊಂದಕ್ಕೆ ಹೆಣೆದಿವೆ. ಉಳ್ಳಾಲದ ಸಯ್ಯಿದ್ ಮದನಿಯವರು ಚಾದರದ ಮೇಲೆ ಕುಳಿತು ನೀರಿನಲ್ಲಿ ತೇಲಿ ಬಂದರೆಂದು ದರ್ಗಾಕ್ಕೆ ಬರುವ ಎಲ್ಲ ಜಾತಿಯ ಜನ ಹೇಳುತ್ತಾರೆ. ಈ ಮೂರು ಕಥೆಗಳಲ್ಲೂ ಕಡಲಿದೆ, ಕಡಲಿನಿಂದ ಬಂದವನೊಬ್ಬನಿದ್ದಾನೆ, ಅವನಿಗೆ ಜಾಗ ಕೊಟ್ಟ ದಡವಿದೆ. ವ್ಯಾಪಾರದಿಂದ ಬದುಕಿದ ಕರಾವಳಿ ತಾನು ಬದುಕಿದ ಬಗೆಯನ್ನೇ ಕಥೆ ಮಾಡಿಟ್ಟುಕೊಂಡಿದೆ.

ಬಪ್ಪನಾಡಿನ ಚಿತ್ರವೂ ಅದರ ಕೆಳಗಿನ 'ಸೌಹಾರ್ದದ ಸಂಕೇತ' ಎಂಬ ಸಾಲೂ ಎಷ್ಟೋ ಕಡೆ ಅಚ್ಚಾಗಿದೆ. 2022ರ ಮಾರ್ಚಿನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರುಗಳು ಬಂದವು. ಬಪ್ಪನಾಡಿನ ಜಾತ್ರೆಯೂ ಅವುಗಳಲ್ಲಿ ಒಂದಾಗಿತ್ತು. ಆ ಬ್ಯಾನರುಗಳ ಚಿತ್ರಗಳನ್ನು ಯಾವ ಕಲಾವಿದರೂ ತೆಗೆಯಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದರು, ಪತ್ರಿಕೆಗಳಲ್ಲಿ ಬಂತು, ಊರಿಂದೂರಿಗೆ ಹರಡಿತು. ಬೆಳಕು ಸರಿಯಿಲ್ಲ, ಚೌಕಟ್ಟು ಓರೆ. ಆದರೂ ಆ ವರ್ಷದ ಕರಾವಳಿಯ ಅತ್ಯಂತ ಮುಖ್ಯ ಚಿತ್ರಗಳು ಅವೇ.

ಐತಿಹ್ಯವನ್ನು ಚಿತ್ರದಲ್ಲಿ ಹಿಡಿಯುವವರು ಯೋಚಿಸಬೇಕಾದ ಜಾಗ ಇದು. ಬಪ್ಪ ಬ್ಯಾರಿಯ ಕಥೆ ಗೋಡೆಗೆ ನೇತುಹಾಕುವ ಅಲಂಕಾರವಾದರೆ, ಬಳೆ, ಬತ್ತಾಸು ಮಾರುವ ಇಂದಿನ ಬ್ಯಾರಿಯನ್ನು ಜಾತ್ರೆಯಿಂದ ಹೊರಗಿಟ್ಟು, ಹಳೆಯ ಬ್ಯಾರಿಯನ್ನು ಅಡಿಬರಹದಲ್ಲಿ ಇಟ್ಟುಕೊಳ್ಳಲು ಯಾರಿಗೂ ಕಷ್ಟವಾಗುವುದಿಲ್ಲ. ಸತ್ತವನು ಮಳಿಗೆ ಕೇಳುವುದಿಲ್ಲ, ಬಾಡಿಗೆಯ ಲೆಕ್ಕ ಕೇಳುವುದಿಲ್ಲ. ಐತಿಹ್ಯ ಎಂಬುದು ಹಿಂದಿನವರು ಪರಸ್ಪರ ಕೊಟ್ಟುಕೊಂಡ ಮಾತು. ಅದರ ಚಿತ್ರ ತೆಗೆಯುವವರು ಆ ಮಾತು ಇವತ್ತು ನಡೆಯುತ್ತಿದೆಯೇ ಎಂದು ಕೂಡ ನೋಡಬೇಕು. ನಡೆಯುತ್ತಿದ್ದರೆ ಪ್ರಸಾದ ಸಲ್ಲಿಸುವ ಗಳಿಗೆಯ ಚಿತ್ರ ತೆಗೆಯಲಿ. ನಡೆಯದಿದ್ದರೆ ಬ್ಯಾನರಿನ ಚಿತ್ರವನ್ನೂ ಅದರ ಪಕ್ಕದಲ್ಲೇ ಇಡಲಿ. ಒಂದನ್ನು ತೋರಿಸಿ ಇನ್ನೊಂದನ್ನು ಬಚ್ಚಿಡುವುದು ಸೌಹಾರ್ದವಲ್ಲ.

ಯಾರ ಚಿತ್ರ, ಯಾರ ಹೆಸರು ಎಂಬ ಪ್ರಶ್ನೆ ಮಂಗಳೂರಿಗೆ ಹೊಸದಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಈ ಊರಿಗೆ ಮುದ್ರಣಾಲಯ ಕೊಟ್ಟಿತು, 1843ರಲ್ಲಿ ಮೊಗ್ಲಿಂಗ್‌ರ 'ಮಂಗಳೂರ ಸಮಾಚಾರ' ಕೊಟ್ಟಿತು, 1865ರಲ್ಲಿ ಹಂಚಿನ ಕಾರ್ಖಾನೆ ಕೊಟ್ಟಿತು. ಆ ಮಿಷನಿನವರು ತೆಗೆದ ಹಳೆಯ ಛಾಯಾಚಿತ್ರಗಳು ಇಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ದಾಖಲಾಗಾರದಲ್ಲಿವೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ನಮ್ಮ ಊರನ್ನು ನಾವು ಕಾಣುವುದು ಬಹುಮಟ್ಟಿಗೆ ಅವರ ಕಣ್ಣಿನಿಂದ. ಅದಕ್ಕೆ ಕೃತಜ್ಞರಾಗಿರಬೇಕು. ಆದರೆ ಅಲ್ಲಿಯ ಎಷ್ಟೋ ಚಿತ್ರಗಳಲ್ಲಿ ಪಾದ್ರಿಗೆ ಹೆಸರಿದೆ, ಮಗ್ಗದ ಮುಂದೆ ಕುಳಿತವನು ಬರೀ ನೇಕಾರ. ಹಂಚು ಹೊತ್ತವಳು ಬರೀ ಕೂಲಿ ಹೆಂಗಸು.

ನೂರು ವರ್ಷಗಳಾದ ಮೇಲೆ ನಾವು ಅದಕ್ಕಿಂತ ಮುಂದೆ ಹೋಗಿದ್ದೇವೆಯೇ? ದಕ್ಕೆಯ ಚಿತ್ರಗಳನ್ನು ನೋಡಿ. ಬುಟ್ಟಿ ಹೊತ್ತ ಹೆಂಗಸರು, ಬಲೆ ಹೊಲಿಯುವ ಮುದುಕ, ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೆ ಸಾಮಾನು ತುಂಬುವ ಖಲಾಸಿಗಳು. ಸ್ಪರ್ಧೆಗಳಲ್ಲಿ ಬಹುಮಾನ ಪಡೆದ ಇಂಥ ಚಿತ್ರಗಳ ಕೆಳಗೆ 'ಕಾಯಕ', 'ಶ್ರಮ', 'ಬದುಕು' ಎಂದು ಬರೆದಿರುತ್ತದೆ. ಬಹುಮಾನ ಬಂದವರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಆ ಮುದುಕನ ಹೆಸರು ಕೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಅಚ್ಚು ಹಾಕಲು ಅವನ ಒಪ್ಪಿಗೆ ಕೇಳಲು ಇನ್ನರ್ಧ ನಿಮಿಷ. 1975ರ ಜನವರಿಯಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಅದಕ್ಕೆ ಮುಂಚೆ ಹಡಗು ಹೊರಗೆ ಕಡಲಲ್ಲಿ ಲಂಗರು ಹಾಕಿದರೆ ದೋಣಿಗಳಲ್ಲಿ ಸಾಮಾನು ದಡಕ್ಕೆ ತರುತ್ತಿದ್ದರು. ಆ ಕೆಲಸ ಕಂಡವರು, ಅದರ ಹಾಡು, ಬೈಗುಳ, ಲೆಕ್ಕ ಬಲ್ಲವರು ಈಗ ಮುಪ್ಪಿನಲ್ಲಿದ್ದಾರೆ. ಅವರ ಮುಖದ ಸುಕ್ಕಿನ ಚಿತ್ರ ಬೇಕಾದಷ್ಟಿದೆ. ಅವರ ಮಾತು ಎಲ್ಲಿದೆ?

ಚಿತ್ರ ತೆಗೆಯಲು ಏನೂ ಉಳಿಯದ ಕಥೆಗಳೂ ಇವೆ ಎಂಬುದನ್ನು ಮರೆಯಬಾರದು. ಟ್ಯುನೀಸಿಯದ ಕಡೆಯಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದ, ಇಲ್ಲಿ ಕಂಚಿನ ಸಾಮಾನು ಮಾಡಿಸುತ್ತಿದ್ದ. ಅವನ ಬಳಿ ಬೊಮ್ಮ ಎಂಬ ಆಳಿದ್ದ. ಅರಬಿ ನುಡಿಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಅವರ ಕಾಗದಗಳು ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದು ಬಂದವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಆ ಬೊಮ್ಮನ ಜಾಡು ಹಿಡಿದು ಮಂಗಳೂರಿನವರೆಗೆ ಬಂದರು. ಬೆನ್ ಯಿಜುವಿನ ಮನೆ ಯಾವ ಬೀದಿಯಲ್ಲೂ ಇಲ್ಲ. ಬೊಮ್ಮನಿಗೆ ಪ್ರತಿಮೆಯಿಲ್ಲ. ಆದರೂ ಅವರಿಲ್ಲದ ಮಂಗಳೂರಿನ ಆಲ್ಬಮ್ ಅಪೂರ್ಣ. ಅಳಿವೆಯ ಖಾಲಿ ನೀರಿನ ಒಂದು ಚಿತ್ರ, ಕೆಳಗೆ ಅವರ ಹೆಸರು. ಇಷ್ಟು ಮಾಡಿದರೂ ಆದೀತು.

ಇದಕ್ಕೆ ತಿರುಗಾದ ಅಪಾಯ ರಾಣಿ ಅಬ್ಬಕ್ಕನ ಪ್ರತಿಮೆಗಳಲ್ಲಿದೆ. ಕತ್ತಿ ಹಿಡಿದ, ಆಭರಣ ತೊಟ್ಟ, ಕುದುರೆ ಏರಿದ ಅಬ್ಬಕ್ಕ ನಮ್ಮ ಕಣ್ಣಿಗೆ ಅಭ್ಯಾಸವಾಗಿದ್ದಾಳೆ. ಉಳ್ಳಾಲದಲ್ಲಿ ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರೆಂದು ಇತಿಹಾಸಕಾರರು ಹೇಳುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಅವನು ಬರೆದಂತೆ ಆಕೆ ಬರಿಗಾಲಿನಲ್ಲಿದ್ದಳು, ಸಾದಾ ಬಟ್ಟೆ ಉಟ್ಟಿದ್ದಳು, ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಪೋರ್ಚುಗೀಸರನ್ನು ಎದುರಿಸಿ ನಿಂತ ನಾಡಿನ ಅರಸಿ ಬರಿಗಾಲಿನಲ್ಲಿ ಕಾಲುವೆ ನೋಡುತ್ತಿದ್ದಾಳೆ! ನನ್ನ ಮಟ್ಟಿಗೆ ಯಾವ ಕುದುರೆಗಿಂತಲೂ ಎತ್ತರದ ಚಿತ್ರ ಇದು. ಕಂಚಿನ ಪ್ರತಿಮೆಯ ಚಿತ್ರ ತೆಗೆಯುವವರು ಆ ಸಾಲನ್ನು ಕೆಳಗೆ ಬರೆದರೆ ನೋಡುವವರ ಮನಸ್ಸಿನಲ್ಲಿ ಎರಡನೆಯ ಪ್ರತಿಮೆಯೊಂದು ಏಳುತ್ತದೆ.

ಕನ್ನಡದಲ್ಲಿ ನಾವು ಫೋಟೊವನ್ನು ಛಾಯಾಚಿತ್ರ ಎನ್ನುತ್ತೇವೆ, ಅಂದರೆ ನೆರಳಿನ ಚಿತ್ರ. ಉರ್ದುವಿನಲ್ಲಿ ಈ ಕಲೆಗೆ 'ಅಕ್ಕಾಸಿ' ಎಂಬ ಹೆಸರಿದೆ. ಅಕ್ಸ್ ಎಂದರೆ ಪ್ರತಿಬಿಂಬ. ಉರ್ದು ವಿಮರ್ಶಕರು ಕಥೆಗಾರನು ಬದುಕನ್ನು ಚಿತ್ರಿಸಿದ್ದಕ್ಕೂ ಇದೇ ಪದ ಬಳಸುತ್ತಾರೆ. ಹಾಗಾಗಿ ಕಥೆ ಬರೆಯುವ ನನಗೆ ಛಾಯಾಗ್ರಾಹಕರು ಬೇರೆ ಜಾತಿಯವರೆನಿಸುವುದಿಲ್ಲ. ಕಥೆಯಲ್ಲಿ ಪಾತ್ರಕ್ಕೆ ಹೆಸರಿಡದೆ, ಅದರ ಬಾಯಿಂದ ಒಂದು ಮಾತೂ ಆಡಿಸದೆ, ಬೆಳಕನ್ನಷ್ಟೇ ವರ್ಣಿಸಿದರೆ ಓದುಗರು ಒಪ್ಪುವುದಿಲ್ಲ. ಚಿತ್ರದಿಂದಲೂ ಅಷ್ಟನ್ನೇ ಕೇಳುತ್ತಿದ್ದೇನೆ.

ಈಗ ಮಂಗಳೂರಿನ ಪ್ರತಿ ಗಲ್ಲಿಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಹಿಡಿದ ಹುಡುಗ ಹುಡುಗಿಯರಿದ್ದಾರೆ. ಹೈದರನ ಕಾಲದ್ದನ್ನೂ ಹಂಚಿನ ಕಾರ್ಖಾನೆಯ ಹೊಗೆಗೊಳವೆಯನ್ನೂ ಅವರು ಒಂದೇ ದಿನ ತೆಗೆಯಬಲ್ಲರು. ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿರುವಾಗ ಇವರ ಕೆಲಸ ತುರ್ತಿನದ್ದು. ಅವರಿಗೆ ಹೇಳುವುದಿಷ್ಟೆ. ಜಾಗದ ಹೆಸರನ್ನು ಅಲ್ಲಿಯ ಜನ ಕರೆಯುವ ನುಡಿಯಲ್ಲಿ ಮೊದಲು ಬರೆಯಿರಿ, ಕುಡ್ಲವಾಗಲಿ, ಮೈಕಾಲವಾಗಲಿ. ಕಥೆಯನ್ನು ಯಾರು ಹೇಳಿದರೆಂದು ಬರೆಯಿರಿ. ಇನ್ನೊಬ್ಬರು ಬೇರೆ ಕಥೆ ಹೇಳಿದರೆ ಅದನ್ನೂ ಬರೆಯಿರಿ. ಚಿತ್ರದಲ್ಲಿ ಮನುಷ್ಯರಿದ್ದರೆ, ಅವರು ಒಪ್ಪಿದರೆ, ಅವರ ಹೆಸರು ಹಾಕಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆಗೆ ರಜೆ. ಬೋಟುಗಳು ದಕ್ಕೆಯಲ್ಲಿ ಸಾಲಾಗಿ ಕಟ್ಟಿರುತ್ತವೆ, ಹಿರಿಯರಿಗೆ ಬಿಡುವಿರುತ್ತದೆ. ಮಳೆಗೆ ಬೆಳಕು ಚೆನ್ನಾಗಿರುವುದಿಲ್ಲ ಎಂದು ಕ್ಯಾಮೆರಾದವರು ಆಗ ಅತ್ತ ಸುಳಿಯುವುದಿಲ್ಲ. ಕೂತು ಕೇಳಲು ಅದೇ ಸರಿಯಾದ ಕಾಲ.